ಖಾಲಿ ಹಾಳೆಯ ಮೊದಲ ಸಹಿ

ಕೆಂಭಾವಿ
9 ಜೂನ್ 2025

ಶಿವಲೀಲಾಳಿಗೆ ಅವ್ವನ ಆಶೀರ್ವಾದ.

ಈ ಪತ್ರವನ್ನು ಟೀವಿಯಲ್ಲಿ ಓದಬೇಡ. ಮೊದಲು ಇದನ್ನು ಹೇಳಿ ಮುಂದಿನದು. ನಿನ್ನ ‘ಪಡಸಾಲಿ’ ಕಾರ್ಯಕ್ರಮಕ್ಕೆ ಊರ ಹೆಂಗಸರು ಬರೆದ ಪತ್ರ ಹಾಕಲು ನಯೀಮನ ಕೇಬಲ್ ಅಂಗಡಿಯಲ್ಲಿ ತಗಡಿನ ಡಬ್ಬಿ ಇಟ್ಟಿದ್ದೀರಲ್ಲ, ಅದರಲ್ಲೇ ಇದನ್ನೂ ಹಾಕುತ್ತಿದ್ದೇನೆ. ಹೆಸರಿಲ್ಲದ ಪತ್ರವೆಂದು ತಿಳಿದು ಎಲ್ಲರ ಮುಂದೆ ಓದಿಬಿಟ್ಟೀ ಮತ್ತೆ!

ಫೋನು ಹಚ್ಚಬಹುದಿತ್ತಲ್ಲ ಅನ್ನುತ್ತೀ. ಅಂಗನವಾಡಿಯವರು ಕೊಟ್ಟ ಫೋನು ಇದೆ. ರಾತ್ರಿ ಊಟವಾದ ಮೇಲೆ ನಿಮ್ಮಪ್ಪ ಅದನ್ನು ತೆಗೆದು ಯಾರಿಗೆ ಹಚ್ಚಿದ್ದೆ, ಯಾರು ಹಚ್ಚಿದ್ದರು ಎಂದು ನೋಡುತ್ತಾರೆ. ನೀನು ಜೈಭೀಮನನ್ನು ಮದುವೆಯಾದ ದಿನ ಅವರು ಹೇಳಿದ್ದು ನಿನಗೆ ಗೊತ್ತಿಲ್ಲ, ನೀನು ಇರಲಿಲ್ಲ. “ಈ ಮನ್ಯಾಗ ಆಕಿ ಹೆಸರು ತಗದವರು ಆಕಿ ಹಿಂದೇ ಹೊಂಟು ಹೋಗ್ರಿ” ಅಂದರು. ಮೂರು ವರ್ಷವಾಯಿತು. ನಾನು ಹೋಗಲಿಲ್ಲ, ಹೆಸರೂ ತೆಗೆಯಲಿಲ್ಲ.

ಆದರೆ ಈ ಜನವರಿಯಿಂದ ನೀನು ದಿನಾ ಸಂಜೆ ಆರೂವರೆಗೆ ಬಂದು ನನ್ನ ಎದುರಿಗೆ ಕೂಡುತ್ತೀ. ನಿಮ್ಮಪ್ಪ ಏಳರ ಒಳಗೆ ಅಂಗಡಿಯಿಂದ ಬರುವುದಿಲ್ಲ. ಮೊದಲು ಆರಕ್ಕೇ ಬರುತ್ತಿದ್ದರು. ಯಾಕೆ ಎಂದು ನಾನು ಕೇಳಿಲ್ಲ, ಅವರೂ ಹೇಳಿಲ್ಲ. ಆ ಅರ್ಧ ತಾಸು ಒಲೆಯ ಮೇಲೆ ಏನು ಹತ್ತಿ ಹೋದರೂ ನಾನು ಏಳುವುದಿಲ್ಲ. ಆ ಹಸಿರು ಸೀರೆ ವಾರಕ್ಕೆ ಮೂರು ಸಲ ಉಡುತ್ತೀಯಲ್ಲ, ಬೇರೆ ಇಲ್ಲವೇನೇ? ಹೋದ ಬುಧವಾರ ನಿನಗೆ ನೆಗಡಿಯಾಗಿತ್ತು. ಮೂಗಿನಲ್ಲಿ ಮಾತಾಡುತ್ತಿದ್ದೆ. ಎದ್ದು ಹೋಗಿ ಶುಂಠಿ ಕುಟ್ಟಿದೆ ನೋಡು, ಆಮೇಲೆ ಯಾರಿಗೆ ಕೊಡಲಿ ಎಂದು ನಾನೇ ಕುಡಿದೆ.

ಮೊನ್ನೆ ಹಾಸ್ಟೆಲ್ ಹುಡುಗಿಯರನ್ನು ಮಾತಾಡಿಸಿದ್ದು ನೋಡಿದೆ. ಬಚ್ಚಲಕ್ಕೆ ಬಾಗಿಲಿಲ್ಲ, ಮುಟ್ಟಾದ ದಿನ ಒಬ್ಬಳು ದುಪಟ್ಟಾ ಅಡ್ಡ ಹಿಡಿದು ನಿಲ್ಲಬೇಕು ಎಂದು ಆ ಹತ್ತನೆಯ ಇಯತ್ತೆಯ ಹುಡುಗಿ ಹೇಳುವಾಗ ನೀನು ಆಕೆಯ ಕೈ ಹಿಡಿದುಕೊಂಡೆ. ಇವಳು ನನ್ನ ಮಗಳು ಅಂದುಕೊಂಡೆ. ಮನಸ್ಸಿನಲ್ಲೇ.

ಉತ್ತರ ಬರೆದರೆ ಹಬೀಬಾಳ ಹೆಸರಿಗೆ ಬರೆ. ನಯೀಮನ ಅಕ್ಕ, ನಮ್ಮ ಅಂಗನವಾಡಿಯ ಸಹಾಯಕಿ. ಗಟ್ಟಿ ಹೆಣ್ಣು, ಬಾಯಿ ಬಿಡುವವಳಲ್ಲ.

ನಿನ್ನ ಅವ್ವ
ಚಂದಮ್ಮ


ಶಹಾಪುರ
21 ಜೂನ್ 2025

ಅವ್ವಾ,

ಮೂರು ವರ್ಷಕ್ಕೆ ಒಂದು ಪತ್ರ! ಅದರಲ್ಲೂ ಸೀರೆಯ ತಕರಾರು! ಡಬ್ಬಿಯಿಂದ ತೆಗೆದಾಗ ವಿಳಾಸ ಬೇಕಿರಲಿಲ್ಲ, ಅಂಗನವಾಡಿ ರಿಜಿಸ್ಟರಿನ ನಿನ್ನ ದುಂಡನೆಯ ಅಕ್ಷರ ಸಾಕಾಗಿತ್ತು. ಸ್ಟುಡಿಯೋ ಅನ್ನುವ ನಮ್ಮ ಆ ಹಿಂದಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಅತ್ತೆ. ಜೈಭೀಮ ಕ್ಯಾಮೆರಾ ಬಿಟ್ಟು ಬಂದು “ಯಾರರೆ ಸತ್ತ್ರೇನು?” ಎಂದು ಕೇಳಿದ. “ಇಲ್ಲೋ, ನಮ್ಮವ್ವ ಬದುಕ್ಯಾಳ” ಅಂದೆ.

ಹಸಿರು ಸೀರೆ ಕ್ಯಾಮೆರಾಕ್ಕೆ ಚೆನ್ನಾಗಿ ಕಾಣುತ್ತದಂತೆ, ಅವನೇ ಹೇಳಿದ್ದು. ಬೇರೆ ಎರಡಿವೆ, ಬಿಡು.

ಹಾಸ್ಟೆಲ್ಲಿಗೆ ವಾರದೊಳಗೆ ಬಾಗಿಲು ಕೂತಿತು. ನಾವು ಕುಣಿದಾಡಿದೆವು. ಅದರ ಮರುವಾರ ನಮಗೆ ನೋಟೀಸು ಬಂತು. ‘ಪಡಸಾಲಿ’ ಕುಟುಂಬ ಸಮೇತ ಕೂತು ನೋಡಲು ಯೋಗ್ಯವಲ್ಲವಂತೆ. ಮುಟ್ಟಿನ ಮಾತು, ಗಂಡ ಹೊಡೆದ ಮಾತು, ಹದಿನೈದಕ್ಕೆ ಮದುವೆ ಮಾಡಿದ ಮಾತು ಮನೆಮಂದಿಯ ಮುಂದೆ ಬರಬಾರದಂತೆ. ಅವೆಲ್ಲ ನಡೆಯುವುದು ಮನೆಮಂದಿಯ ಮುಂದೆಯೇ ಅಲ್ಲವೇ ಅವ್ವಾ? ನಮ್ಮ ವಾಹಿನಿಯ ಪರವಾನಗಿ ಸೆಪ್ಟೆಂಬರಿಗೆ ಮುಗಿಯುತ್ತದೆ. ಮಾಲೀಕ ಭಾಗಣ್ಣನವರಿಗೆ ಒಬ್ಬ ಸಾಹೇಬರು ಫೋನಿನಲ್ಲಿ ಸಿಹಿಯಾಗಿಯೇ ಹೇಳಿದರಂತೆ: “ಆ ಹುಡುಗಿ ಕಾರ್ಯಕ್ರಮ ತಗದುಬಿಡು ಭಾಗಣ್ಣ, ನಿನ್ನ ಕಾಗದ ಎರಡು ದಿನದಾಗ ಬರ್ತದ.” ನೋಟೀಸಿನಲ್ಲಿ ಮಾತ್ರ ಹಾಸ್ಟೆಲ್ಲಿನ ಸುದ್ದಿಯೇ ಇಲ್ಲ, ಬರೀ ಸಂಸ್ಕಾರದ ಸುದ್ದಿ.

ಭಾಗಣ್ಣನವರು ಇನ್ನೂ ಗಟ್ಟಿಯಾಗಿದ್ದಾರೆ. “ನೋಡೋ ಮಂದಿ ಯಾರೂ ಬ್ಯಾಡ ಅಂದಿಲ್ಲವ್ವ. ಮಂದಿ ಬ್ಯಾಡ ಅಂದ್ರ ಆವಾಗ ನೋಡಮಿ” ಅನ್ನುತ್ತಾರೆ.

ಇನ್ನೊಂದು ಮಾತು. ನಾಳೆಯಿಂದ ನಮಸ್ಕಾರ ಹೇಳುವ ಮೊದಲು ಒಂದು ಗಳಿಗೆ ಸುಮ್ಮನೆ ಕ್ಯಾಮೆರಾ ನೋಡುತ್ತೇನೆ. ಮಂದಿ ನಾನು ಮಾತು ಮರೆತೆ ಅಂದುಕೊಳ್ಳಲಿ. ಅದು ನಿನಗೆ.

ನಿನ್ನ
ಶಿವಲೀಲಾ


ಕೆಂಭಾವಿ
17 ಜುಲೈ 2025

ಶಿವಲೀಲಾ,

ದಿನಾ ನೋಡುತ್ತಿದ್ದೇನೆ. ನಿನ್ನ ಪತ್ರ ಸಿಕ್ಕ ದಿನ ನೀನು ಸುಮ್ಮನೆ ನೋಡಿದಾಗ ನಾನು ಟೀವಿಗೆ ಕೈ ಮುಗಿದುಬಿಟ್ಟೆ, ಹುಚ್ಚಿ ಹಾಗೆ. ನಿನ್ನೆ ಸ್ವಲ್ಪ ಕಮ್ಮಿ ನೋಡಿದೆ. ಅವಸರವಿತ್ತೇನು?

ನಿನ್ನ ಸಲುವಾಗಿ ನಾನೂ ಒಂದು ಕೆಲಸ ಮಾಡಿದ್ದೇನೆ. ಹೇಳಿದರೆ ಖುಷಿಪಡುತ್ತೀ. ಹೋದ ವಾರ ತಾಯಂದಿರ ಸಭೆಗೆ ಒಬ್ಬ ಮನುಷ್ಯ ಬಂದಿದ್ದ, ಸಮಾಜ ಸುಧಾರಣೆಯವನಂತೆ, ಒಳ್ಳೆ ಮಾತುಗಾರ. ಟೀವಿ ಹಾಳಾಗಿದೆ, ಮಕ್ಕಳ ಜೊತೆ ಕೂತು ನೋಡುವಂತಿಲ್ಲ, ಮನೆಮಂದಿ ಕೂಡಿ ನೋಡುವಂಥ ಕಾರ್ಯಕ್ರಮ ಬೇಕೆಂದು ಸರ್ಕಾರಕ್ಕೆ ಬರೆಯೋಣ ಅಂದ. ನಾನೂ ಹೌದೆಂದೆ. ಆ ಕುಣಿತ, ಆ ಹೊಡೆದಾಟ, ಅತ್ತೆ ಸೊಸೆಗೆ ವಿಷ ಹಾಕುವುದು, ಅದೆಲ್ಲ ಹೋಗಿ ನಿನ್ನಂಥ ಕಾರ್ಯಕ್ರಮ ಹತ್ತು ಬರಲಿ ಎಂದು ನನ್ನ ಮನಸ್ಸಿನಲ್ಲಿ.

“ಟೀಚರ್, ನೀವು ಮೊದಲ ಹಾಕ್ರಿ, ಉಳಿದವರು ನಿಮ್ಮ ಹಿಂದ ಹಾಕ್ತಾರ” ಅಂದ. ಹಾಳೆಯ ನೆತ್ತಿಯ ಮೇಲೆ ವಿಷಯವಷ್ಟೇ ಬರೆದಿತ್ತು, ಕೆಳಗೆ ಖಾಲಿ. ನಮ್ಮಲ್ಲಿ ಯಾವಾಗಲೂ ಅದೇ ಪದ್ಧತಿ ತಾನೇ. ಹೆಂಗಸರು ಹೊಲಕ್ಕೆ ಹೋಗುವ ಅವಸರದಲ್ಲಿರುತ್ತಾರೆ. ಮೊದಲು ಸಹಿ ತೆಗೆದುಕೊಂಡು ಕಳಿಸುವುದು, ಆಮೇಲೆ ಕೂತು ಠರಾವು ಬರೆಯುವುದು. ಇಪ್ಪತ್ತೆಂಟು ವರ್ಷ ನಾನೂ ಹಾಗೆಯೇ ಮಾಡಿದ್ದೇನೆ. ಸಹಿ ಹಾಕಿದೆ, ಉಳಿದ ನಲವತ್ತೊಂದು ಮಂದಿಯಿಂದಲೂ ಹಾಕಿಸಿದೆ. ಮೋನಮ್ಮ ಹೆಬ್ಬೆಟ್ಟು ಒತ್ತುವವಳು, “ಏನಾರ ಬರದಾರ ಓದಿ ಹೇಳ್ರಿ ಟೀಚರ್” ಅಂದಳು. “ಛಲೋದಕ್ಕೇ ಅದ, ಒತ್ತವ್ವ” ಅಂದೆ.

ನೋಡುತ್ತಿರು, ಇದರಿಂದ ನಿಮಗೆ ಬಲ ಬರುತ್ತದೆ.

ನಿನ್ನ ಅವ್ವ
ಚಂದಮ್ಮ


ಶಹಾಪುರ
12 ಆಗಸ್ಟ್ 2025

ಅವ್ವಾ,

ನಿನ್ನೆ ಪರವಾನಗಿ ಕಚೇರಿಯವರು ಯಾದಗಿರಿಗೆ ಕರೆಸಿದ್ದರು. ಮೇಜಿನ ಮೇಲೆ ಕಡತ ಬಿಚ್ಚಿ ಭಾಗಣ್ಣನವರ ಮುಂದೆ ತಳ್ಳಿದರು. “ಮಂದಿ ಬ್ಯಾಡ ಅಂದಿಲ್ಲ ಅಂತಿದ್ರೆಲ್ಲ, ಇವರು ಯಾರ್ರಿ?” ಅಂದರು. ನಲವತ್ತೆರಡು ಸಹಿ. ಮೊದಲನೆಯದು ನಿನ್ನದು. ನಿನ್ನ ಪತ್ರ ಕೈಗೆ ಬಂದ ದಿನದಿಂದಲೇ ಅದು ಬೇರೆ ಕಾಗದವಾಗಿರಲಿ ಎಂದು ಬೇಡಿಕೊಂಡಿದ್ದೆ.

ನೀನು ಖಾಲಿ ಬಿಟ್ಟ ಜಾಗದಲ್ಲಿ ಏನು ಬರೆದಿದ್ದಾರೆ ಗೊತ್ತೇನು? “‘ಪಡಸಾಲಿ’ ಎಂಬ ಕಾರ್ಯಕ್ರಮವು ನಮ್ಮ ಹೆಣ್ಣುಮಕ್ಕಳ ಸಂಸ್ಕಾರಕ್ಕೆ ಧಕ್ಕೆ ತರುತ್ತಿದ್ದು, ಅದರ ನಿರೂಪಕಿಯು ಮನೆತನಗಳ ಮಾನವನ್ನು ಬೀದಿಗೆ ತರುತ್ತಿರುವುದರಿಂದ, ಸದರಿ ಕಾರ್ಯಕ್ರಮವನ್ನು ಕೂಡಲೇ ನಿಲ್ಲಿಸಬೇಕೆಂದು ತಾಯಂದಿರಾದ ನಾವು ಕೋರುತ್ತೇವೆ.” ತಾಯಂದಿರಾದ ನಾವು!

ನನಗೆ ಪಾಟಿಯ ಮೇಲೆ ಬೆರಳು ಹಿಡಿದು ತಿದ್ದಿಸಿದವಳು ನೀನು. ಓದದೆ ಯಾವುದಕ್ಕೂ ಹೆಸರು ಬರೆಯಬೇಡ ಎಂದು ಬೆನ್ನಿಗೆ ಗುದ್ದಿ ಹೇಳಿದವಳೂ ನೀನೇ. ಹೆಬ್ಬೆಟ್ಟಿನ ಮೋನಮ್ಮನಿಗಿದ್ದ ಬುದ್ಧಿ ನಿನಗೆ ಬರಲಿಲ್ಲ. ಬೇಕಂತ ಮಾಡಿದ್ದರೆ ನಿನ್ನ ಜೊತೆ ಜಗಳವಾದರೂ ಆಡಬಹುದಿತ್ತು. ಪ್ರೀತಿಯಿಂದ ಮಾಡಿದ್ದೀಯಲ್ಲ, ಇದಕ್ಕೆ ಏನು ಮಾಡಲಿ ಹೇಳು?

ಸೆಪ್ಟೆಂಬರ್ ಹದಿನೆಂಟಕ್ಕೆ ಕೊನೆಯ ವಿಚಾರಣೆ. ಅಲ್ಲಿಯವರೆಗೆ ‘ಪಡಸಾಲಿ’ ನಿಲ್ಲಿಸಿ ಎಂದಿದ್ದಾರೆ. ಇವತ್ತು ಆರೂವರೆಗೆ ನೀನು ಟೀವಿ ಹಚ್ಚಿದ್ದರೆ ನೋಡಿರುತ್ತೀ.

ಶಿವಲೀಲಾ


ಕೆಂಭಾವಿ
29 ಆಗಸ್ಟ್ 2025

ಮಗಳೇ,

ನಿನ್ನ ಪತ್ರ ಬಂದಾಗಿನಿಂದ ಕೈಗೆ ಪೆನ್ನು ಹತ್ತಲಿಲ್ಲ. ನೀನು ಬರೆದ ಒಂದು ಮಾತೂ ಸುಳ್ಳಲ್ಲ. ನನ್ನ ಕೈಯಾರೆ ನನ್ನ ಕಣ್ಣಿಗೆ ಸುಣ್ಣ ಹಾಕಿಕೊಂಡೆ. ಬೈದಿದ್ದು ಕಮ್ಮಿಯಾಯಿತು.

ಈಗ ಆರೂವರೆಗೆ ಒಬ್ಬಾಕೆ ಬದನೆಕಾಯಿ ಎಣ್ಣೆಗಾಯಿ ಮಾಡುವುದನ್ನು ತೋರಿಸುತ್ತಾಳೆ. ಮೊದಲ ದಿನ ನೀನು ಬಂದೇ ಬರುತ್ತೀ ಎಂದು ಅದನ್ನು ಪೂರ್ತಿ ನೋಡಿದೆ. ನಿಮ್ಮಪ್ಪ ಎರಡು ದಿನ ಏಳಕ್ಕೇ ಬಂದರು. ಮೂರನೆಯ ದಿನ ಆರೂವರೆಗೆ ಬಂದು ಹೊಸ್ತಿಲಲ್ಲೇ ನಿಂತು ಟೀವಿ ನೋಡಿದರು. “ಆ ಹುಡುಗಿ ಬರೂದಿಲ್ಲೇನು ಈಗ?” ಅಂದರು. ಹುಡುಗಿ ಅಂದರು, ಹೆಸರು ತೆಗೆಯಲಿಲ್ಲ. “ಇಲ್ರಿ, ನಿಲ್ಲಿಸ್ಯಾರ” ಅಂದೆ. “ಯಾರು ನಿಲ್ಲಿಸಿದ್ರು?” ಅಂದರು. ನಾನು ಚಹಾ ಇಡಲು ಒಳಗೆ ಹೋದೆ.

ಆ ಸಹಿ ವಾಪಸ್ ತೆಗೆದುಕೊಳ್ಳುತ್ತೇನೆ. ಮನೆ ಮನೆಗೆ ಹೋಗಿ ಉಳಿದವರನ್ನೂ ಕೇಳಿದೆ. ಯಾರೂ ಒಲ್ಲರು. “ನಿಮ್ಮ ಮಾತಿಗೇ ಹಾಕಿದ್ವಿ, ಈಗ ತಗೀ ಅಂದ್ರ ಹ್ಯಾಂಗ್ರಿ? ರೇಶನ್ ಕಾರ್ಡಿಗೆ ಏನಾರ ಮಾಡಿದ್ರ?” ಅನ್ನುತ್ತಾರೆ. ಅವರದ್ದೇನೂ ತಪ್ಪಿಲ್ಲ. ಮೋನಮ್ಮ ಮಾತ್ರ ತಲೆ ಎತ್ತದೆ ರೊಟ್ಟಿ ಬಡಿಯುತ್ತಾ ಕೂತಳು.

ನಮ್ಮ ಮೇಲ್ವಿಚಾರಕಿ ಪರಿಮಳಾ ಮೇಡಂ ಬೇರೆ ಹೆದರಿಸಿದರು. “ಓದದ ಸಹಿ ಹಾಕಿದೆ ಅಂತ ಬರದು ಕೊಟ್ರ ನಿಮ್ಮ ಅಷ್ಟೂ ರಿಜಿಸ್ಟರ್ ತಗದು ನೋಡ್ತಾರ. ನಿವೃತ್ತಿಗೆ ಎರಡು ವರ್ಷ ಅದ, ಸುಮ್ನಿರ್ರಿ” ಅಂದರು. ತೆಗೆದು ನೋಡಲಿ. ವಿಚಾರಣೆಗೆ ನಾನು ಬರುತ್ತೇನೆ. ಅಲ್ಲಿ ಏನು ಹೇಳಬೇಕು, ಬರೆದು ಕಳಿಸು.

ಅವ್ವ


ಶಹಾಪುರ
6 ಸೆಪ್ಟೆಂಬರ್ 2025

ಅವ್ವಾ,

ಕೆಟ್ಟ ಪತ್ರ ಬರೆದೆ. ಹಾಕಿದ ಮೇಲೆ ಪೋಸ್ಟ್ ಡಬ್ಬಿಯಲ್ಲಿ ಕೈ ತೂರಿಸಿ ತೆಗೆಯಲು ನೋಡಿದೆ, ಆಗಲಿಲ್ಲ.

ನಿನ್ನ ಕೆಲಸಕ್ಕೆ ಕುತ್ತು ಬರುತ್ತದೆಂದರೆ ಬೇಡ ಅನ್ನಬೇಕು. ಆದರೆ ಅನ್ನಲಾರೆ. ನಿನ್ನ ಬಿಟ್ಟರೆ ನಮಗೆ ಬೇರೆ ದಾರಿಯೇ ಇಲ್ಲ. ಮೊದಲ ಸಹಿ ಹಾಕಿದವರೇ ಬಂದು ‘ಇದು ನಾನು ಹೇಳಿದ್ದಲ್ಲ’ ಅಂದರೆ ಇಡೀ ಅರ್ಜಿ ಬೀಳುತ್ತದೆ ಎಂದು ವಕೀಲರು ಹೇಳಿದ್ದಾರೆ.

ಒಂದೇ ಒಂದು ತೊಡಕಿದೆ. ನೀನು ನನ್ನ ತಾಯಿ ಎಂದು ಅಲ್ಲಿ ಯಾರಿಗೂ ಗೊತ್ತಿಲ್ಲ. ಗೊತ್ತಾಗಲೂಬಾರದು. ಭಾಗಣ್ಣನವರು ಹೇಳಿದರು: “ತಾಯಿ ಅಂತ ತಿಳದ್ರ ಆ ಮಾತಿಗೆ ಬೆಲಿ ಇಲ್ಲವ್ವ. ಮಗಳ ಸಲುವಾಗಿ ತಾಯಿ ಏನು ಬೇಕಾದ್ರೂ ಹೇಳ್ತಾಳ ಅಂತಾರ.” ಅದಕ್ಕೆ ನಿರೂಪಕಿ ನಿಮಗೇನಾಗಬೇಕು ಎಂದು ಕೇಳಿದರೆ ಏನೂ ಆಗಬೇಕಿಲ್ಲ ಎನ್ನು. ಅಷ್ಟು ಸಾಕು. ನಾನೂ ಅಲ್ಲೇ ಇರುತ್ತೇನೆ. ನನ್ನ ಕಡೆ ನೋಡಬೇಡ. ನೋಡಿದರೆ ಇಬ್ಬರದೂ ಮುಖ ಹೇಳಿಬಿಡುತ್ತದೆ.

ಹದಿನೆಂಟನೆಯ ತಾರೀಖು, ಹನ್ನೊಂದು ಗಂಟೆ. ಬಸ್ಸು ಶಹಾಪುರದ ಮೇಲೆಯೇ ಬರುತ್ತದೆ. ಅಲ್ಲಿ ಇಳಿಯಬೇಡ ಅವ್ವ. ಯಾರಾದರೂ ನೋಡಿದರೆ ಎಲ್ಲ ಹೋಯಿತು. ಮುಗಿದ ಮೇಲೆ ಮನೆಗೆ ಬರುವಿಯಂತೆ, ಕಡುಬು ಮಾಡಿರುತ್ತೇನೆ.

ನಿನ್ನ
ಶಿವಲೀಲಾ


ಶಹಾಪುರ
14 ಅಕ್ಟೋಬರ್ 2025

ಅವ್ವಾ,

ಆದೇಶ ಬಂತು. ವಾಹಿನಿಗೆ ಪರವಾನಗಿ ಕೊಟ್ಟಿದ್ದಾರೆ, ‘ಪಡಸಾಲಿ’ ಇಲ್ಲ. ನಲವತ್ತೆರಡರಲ್ಲಿ ಒಬ್ಬರು ಸಹಿ ಹಿಂಪಡೆದರೂ ನಲವತ್ತೊಂದು ತಾಯಂದಿರ ಕೋರಿಕೆ ಹಾಗೆಯೇ ಉಳಿಯುತ್ತದೆಯಂತೆ. ಭಾಗಣ್ಣನವರು ಒಪ್ಪಿಕೊಂಡರು. ಹನ್ನೆರಡು ಮಂದಿಯ ಹೊಟ್ಟೆಯಿದೆ ಅವರ ಹಿಂದೆ, ನಾನು ಬೈಯಲಾರೆ. ಬೆಳಗಿನ ಭಜನೆ ಕಾರ್ಯಕ್ರಮ ಪರಿಚಯಿಸುವ ಕೆಲಸ ಕೊಡುತ್ತೇನೆ ಅಂದರು. ಒಲ್ಲೆ ಅಂದೆ. ಜೈಭೀಮನಿಗೆ ಕಡೇಚೂರಿನ ಒಂದು ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿದೆ. ಮುಂದಿನ ತಿಂಗಳು ಅಲ್ಲಿಗೇ ಹೋಗುತ್ತೇವೆ.

ಅದು ಇರಲಿ. ಇನ್ನೊಂದು ಕೇಳಬೇಕು.

ನೀನು ಒಳಗೆ ಬಂದಾಗ ನಾನು ಗೋಡೆಯ ಕಡೆಯ ಬೆಂಚಿನ ಮೇಲೆ ಇದ್ದೆ. ನೋಡಬೇಡ ಎಂದು ನಿನಗೆ ಹೇಳಿ ನಾನೇ ನೋಡಿದೆ. ಎಷ್ಟು ಸಣ್ಣಗಾಗಿದ್ದೀಯೇ ಅವ್ವ. ಸೊಂಟ ಹಿಡಿದುಕೊಂಡು ಕುರ್ಚಿಯ ಮೇಲೆ ಕೂತೆ. ಓದದೆ ಸಹಿ ಹಾಕಿದೆ ಎಂದು ಹೇಳುವಾಗ ನಿನ್ನ ದನಿ ನಡುಗಿತು, ಎರಡು ಸಲ ನೀರು ಕೇಳಿದೆ. ಆಮೇಲೆ ಸಾಹೇಬರು ನನ್ನ ಕಡೆ ಕೈ ತೋರಿಸಿ “ಈಕಿ ನಿಮಗೇನಾಗಬೇಕ್ರಿ ಟೀಚರ್?” ಅಂದರು.

ನೀನು ತಿರುಗಿ ನನ್ನ ಮುಖ ನೋಡಿದೆ. “ಏನೂ ಆಗಬೇಕಿಲ್ರಿ. ಯಾರೋ ಶಹಾಪುರದಾಕಿ” ಅಂದೆ. ದನಿ ನಡುಗಲಿಲ್ಲ. ಕಣ್ಣು ತಪ್ಪಿಸಲಿಲ್ಲ. ಹಬೀಬಾಳಿಗೆ ಅಕ್ಕಿ ಅಳೆದು ಹಾಕು ಎಂದು ಹೇಳಿದಷ್ಟು ಸಲೀಸಾಗಿ ಹೇಳಿದೆ.

ಆ ಮಾತು ಹೇಳಿಕೊಟ್ಟವಳು ನಾನೇ. ನಿನ್ನದು ತಪ್ಪಿಲ್ಲ, ಗೊತ್ತಿದೆ. ಆದರೆ ‘ಯಾರೋ ಶಹಾಪುರದಾಕಿ’ ಎಂಬುದನ್ನು ನಾನು ಹೇಳಿಕೊಟ್ಟಿರಲಿಲ್ಲ. ಅದು ಎಲ್ಲಿಂದ ಬಂತು? ಹೊರಗೆ ಬಂದು ನೋಡಿದರೆ ನೀನು ಬಸ್ಸಿಗೆ ಹೊರಟು ಹೋಗಿದ್ದೆ. ಕಡುಬು ಮರುದಿನದವರೆಗೆ ಇಟ್ಟಿದ್ದೆ.

ಅವ್ವ, ನನಗೆ ನಿಜ ಹೇಳು.

ಶಿವಲೀಲಾ


ಕೆಂಭಾವಿ
2 ನವೆಂಬರ್ 2025

ಶಿವಲೀಲಾ,

ಪರಿಮಳಾ ಮೇಡಂ ಹೇಳಿದಂತೆಯೇ ಆಯಿತು. ಮೆಮೋ ಬಂದಿದೆ, ರಿಜಿಸ್ಟರುಗಳನ್ನು ಗಂಟು ಕಟ್ಟಿ ಒಯ್ದಿದ್ದಾರೆ. ಅದಕ್ಕೆ ನನಗೆ ದುಃಖವಿಲ್ಲ. ಕೆಲಸ ಹೋದರೆ ಹೋಗಲಿ. ನೀನು ಕೇಳಿದ್ದಕ್ಕೆ ಉತ್ತರ ಬರೆಯುವುದೇ ಕಷ್ಟ. ನಾಲ್ಕು ಹಾಳೆ ಹರಿದೆ.

ನೀನು ಹೇಳಿಕೊಟ್ಟಿದ್ದೆ, ಅದಕ್ಕೇ ಗಟ್ಟಿ ಮನಸ್ಸು ಮಾಡಿ ಹೇಳಿದೆ ಎಂದು ಬರೆದರೆ ನೀನು ನಂಬುತ್ತೀ. ನಾಲ್ಕೂ ಹಾಳೆಯಲ್ಲಿ ಅದನ್ನೇ ಬರೆದಿದ್ದೆ. ನಿನಗೆ ಸಮಾಧಾನವೂ ಆಗುತ್ತಿತ್ತು. ಆದರೆ ನಿಜ ಹೇಳು ಎಂದು ಕೇಳಿದ್ದೀ.

ನೀನು ಮನೆ ಬಿಟ್ಟು ಹೋದ ವರ್ಷ ಮನೆ ಗಣತಿಗೆ ಒಬ್ಬ ಹುಡುಗಿ ಬಂದಿದ್ದಳು. ನಿಮ್ಮಪ್ಪ ಬಾಗಿಲಲ್ಲಿ ನಿಂತಿದ್ದರು. “ಮಕ್ಕಳೆಷ್ಟ್ರಿ?” ಅಂದಳು. ನಾಲಿಗೆ ಹೊರಳಲಿಲ್ಲ. ಆಮೇಲೆ “ಇಲ್ರಿ” ಅಂದೆ. ಅವಳು ಸೊನ್ನೆ ಬರೆದುಕೊಂಡು ಹೋದಳು. ಆ ದಿನ ನಾನು ಉಣ್ಣಲಿಲ್ಲ. ಆಮೇಲೆ ಮದುವೆಗಳಲ್ಲಿ, ತರಬೇತಿಗಳಲ್ಲಿ, ಬಸ್ಸಿನಲ್ಲಿ ಪಕ್ಕ ಕೂತವರು ಕೇಳುತ್ತಾ ಹೋದರು, ನಾನು ಇಲ್ಲ ಅನ್ನುತ್ತಾ ಹೋದೆ. ನೀನು ಟೀವಿಯಲ್ಲಿ ಬರಲು ಶುರುಮಾಡಿದ ಮೇಲಂತೂ ಗಿರಣಿಯಲ್ಲಿ ಹಿಟ್ಟು ಹಾಕಿಸುವಾಗ ಗೊತ್ತಿದ್ದವರೇ ಮೋಜಿಗೆ ಕೇಳುತ್ತಿದ್ದರು: “ಟೀಚರ್, ಆ ಪಡಸಾಲಿ ಹುಡುಗಿ ನಿಮ್ಮಾಕೀನ ಏನ್ರಿ?” “ಅಯ್ಯ, ಅಲ್ಲವಾ. ಯಾರೋ ಶಹಾಪುರದಾಕಿ” ಅನ್ನುತ್ತಿದ್ದೆ. ಅಂದು, ಹಿಟ್ಟಿನ ಡಬ್ಬಿ ಎತ್ತಿಕೊಂಡು ಅವಸರದಿಂದ ಮನೆಗೆ ಬರುತ್ತಿದ್ದೆ, ಆರೂವರೆಗೆ ನಿನ್ನನ್ನು ನೋಡಲು.

ಯಾದಗಿರಿಯಲ್ಲಿ ಓದದೆ ಸಹಿ ಹಾಕಿದೆ ಅನ್ನುವುದು ನನಗೆ ಹೊಸ ಮಾತು, ಅದಕ್ಕೆ ದನಿ ನಡುಗಿತು. ನಿನ್ನ ಬಗ್ಗೆ ಕೇಳಿದಾಗ, ಇದು ನೀನು ಹೇಳಿಕೊಟ್ಟ ಮಾತು, ನಿನ್ನ ಸಲುವಾಗಿ ಹೇಳುತ್ತಿದ್ದೇನೆ ಎಂಬುದು ನನಗೆ ನೆನಪಿಗೇ ಬರಲಿಲ್ಲ ಮಗಳೇ. ನಿನ್ನ ಮುಖ ಕಣ್ಣ ಮುಂದೆಯೇ ಇತ್ತು, ಬಾಯಿ ತನ್ನ ರೂಢಿಯ ಮಾತು ಆಡಿತು. ನಿನ್ನ ಕಣ್ಣು ತುಂಬಿದ್ದನ್ನು ನೋಡಿದ ಮೇಲೆಯೇ ನಾನು ಏನು ಅಂದೆನೆಂದು ನನಗೆ ಗೊತ್ತಾಯಿತು. ಆಮೇಲೆ ಯಾವ ಮುಖ ಇಟ್ಟುಕೊಂಡು ನಿನ್ನ ಮನೆಗೆ ಬಂದು ಕಡುಬು ತಿನ್ನಲಿ? ಬಸ್ಸು ಹತ್ತಿದೆ. ಶಹಾಪುರ ಬಂದಾಗ ಎದ್ದು ನಿಂತೆ. ಕಂಡಕ್ಟರ್ “ಇಳೀತೀರೇನ್ರಿ ಅವ್ವಾರ?” ಅಂದ. ಮತ್ತೆ ಕೂತುಬಿಟ್ಟೆ.

ನಿನ್ನ ಕಾರ್ಯಕ್ರಮ ನಿಲ್ಲಿಸಿದ್ದು ಸರ್ಕಾರದವರು, ಅವರನ್ನು ಬೈಯಬಹುದು. ಇದಕ್ಕೆ ಯಾರನ್ನೂ ಬೈಯುವಂತಿಲ್ಲ. ಖಾಲಿ ಹಾಳೆ ತಂದವನೂ ಇದನ್ನು ನನ್ನ ಬಾಯಿಗೆ ಹಾಕಲಿಲ್ಲ. ನಿಮ್ಮಪ್ಪನೂ ಹೆಸರು ತೆಗೆಯಬೇಡ ಅಂದಿದ್ದರೇ ಹೊರತು ಮಗಳೇ ಅಲ್ಲ ಅನ್ನು ಎಂದಿರಲಿಲ್ಲ. ಅದನ್ನು ನಾನೇ ಕಲಿತೆ, ದಿನಾ ಒಂದಿಷ್ಟು ಹೇಳಿ ಹೇಳಿ ಬಾಯಿಪಾಠ ಮಾಡಿದೆ.

ನಿನಗೆ ಉತ್ತರ ಬರೆಯಲು ಮನಸ್ಸಾಗದಿದ್ದರೆ ಬೇಡ. ಕಡೇಚೂರಿನ ವಿಳಾಸವನ್ನೂ ಕೊಡಬೇಡ. ಅಲ್ಲಿ ಯಾರಾದರೂ ನಿನ್ನ ತಾಯಿ ಎಲ್ಲಿದ್ದಾಳೆ ಎಂದು ಕೇಳಿದರೆ ನೀನು ಏನು ಹೇಳುತ್ತೀಯೋ ಅದಕ್ಕೆ ನನ್ನ ಒಪ್ಪಿಗೆಯಿದೆ. ಆದರೆ ಸಲೀಸಾಗಿ ಹೇಳಲು ಕಲಿಯಬೇಡ, ನನ್ನವ್ವಾ. ಒಂದಿಷ್ಟು ತಡವರಿಸು.

ಚಂದಮ್ಮ